ಕನ್ನಡದಲ್ಲಿ ಬರೆದದ್ದು ಗೂಗಲ್‌ನಲ್ಲಿ ಸಿಗಬೇಕಾದರೆ ಏನು ಮಾಡಬೇಕು? ಮಾಡಿ ನೋಡಿದವರು ಹೇಳಿ

ಕೇಳಿದವರು: ಶಿರಸಿಯ ಅಡಿಕೆ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರ ನಮ್ಮದು ಅಡಿಕೆ ತೋಟ. ಒಂದು ವರ್ಷದಿಂದ ಬ್ಲಾಗರ್‌ನಲ್ಲಿ ಕನ್ನಡ ಬ್ಲಾಗ್ ಬರೆಯುತ್ತಿದ್ದೇನೆ. ಅಡಿಕೆ, ಕಾಳುಮೆಣಸು, ಜೇನು, ನಡುನಡುವೆ ನಮ್ಮ ಕಡೆಯ ಅಡುಗೆ. 60 ಬರಹ ಆಗಿವೆ. ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದ ದಿನ ಮಾತ್ರ ಜನ ಬರುತ್ತಾರೆ. ಗೂಗಲ್‌ನಿಂದ ದಿನಕ್ಕೆ ಇಬ್ಬರೋ ಮೂವರೋ ಅಷ್ಟೇ. ಮೊನ್ನೆ ಒಂದು ಕಂಪನಿಯವರು ಫೋನ್ ಮಾಡಿ, 18 ಸಾವಿರ ಕೊಟ್ಟರೆ ಮೂರು ತಿಂಗಳಲ್ಲಿ ಮೊದಲ ಪುಟಕ್ಕೆ ತರುತ್ತೇವೆ, ಗ್ಯಾರಂಟಿ ಅಂದರು. ಕೊಡಬೇಕಾ? ಇಲ್ಲ, ನಾನೇ ಮಾಡಿಕೊಳ್ಳಬಹುದಾದ ಕೆಲಸ ಏನಾದರೂ ಇದೆಯಾ?

ಮೈಸೂರಿನಿಂದ, ಅಡುಗೆ ಬ್ಲಾಗ್ ಬರೆಯುವವರು

ಸರ್, ದುಡ್ಡು ಕೊಡಬೇಡಿ. ಎಂಟು ವರ್ಷದಿಂದ ಬರೆಯುತ್ತಿದ್ದೇನೆ, ಇದಕ್ಕಾಗಿ ಯಾರಿಗೂ ಒಂದು ರೂಪಾಯಿ ಕೊಟ್ಟಿಲ್ಲ. ಮೊದಲು ಗೂಗಲ್ ಸರ್ಚ್ ಕನ್ಸೋಲ್‌ಗೆ ನಿಮ್ಮ ಬ್ಲಾಗ್ ಸೇರಿಸಿ. ಅದು ಉಚಿತ. ಜನ ಯಾವ ಮಾತು ಟೈಪ್ ಮಾಡಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಜಾಗದಲ್ಲಿತ್ತು, ಎಲ್ಲ ಅಲ್ಲಿ ಸಿಗುತ್ತದೆ. ಹಿಂದಿನ 16 ತಿಂಗಳ ಲೆಕ್ಕ ಇರುತ್ತದೆ. ನಾನು ಮೊದಲ ಮೂರು ವರ್ಷ ಇದನ್ನು ನೋಡದೆಯೇ ಬರೆದೆ. ಆ ಮೂರು ವರ್ಷದ ಬಗ್ಗೆ ಈಗಲೂ ಬೇಸರವಿದೆ.

ಒಂದು ಉದಾಹರಣೆ ಹೇಳುತ್ತೇನೆ. ನಾನು ಪುತ್ತೂರಿನವಳು. ಪತ್ರೊಡೆ ಬಗ್ಗೆ ತುಂಬ ಪ್ರೀತಿಯಿಂದ ಬರೆದಿದ್ದೆ. ಅದಕ್ಕೆ ಕೊಟ್ಟ ತಲೆಬರಹ 'ಅಮ್ಮ ಮತ್ತು ಮಳೆಗಾಲದ ಒಂದು ಸಂಜೆ'. ಓದಿದವರೆಲ್ಲ ಮೆಚ್ಚಿದರು. ಆದರೆ ಹಾಗಂತ ಹುಡುಕುವವರು ಯಾರು? ಸರ್ಚ್ ಕನ್ಸೋಲ್ ತೆರೆದಾಗ ಗೊತ್ತಾಯಿತು, ಜನ ಕೇಳುವುದು 'ಪತ್ರೊಡೆ ಮಾಡುವ ವಿಧಾನ', 'ಕೆಸುವಿನ ಎಲೆ ತುರಿಕೆ ಹೋಗಲು ಏನು ಮಾಡಬೇಕು'. ಎರಡನೆಯ ಪ್ರಶ್ನೆಗೆ ಉತ್ತರ ನನ್ನ ಬರಹದಲ್ಲಿ ಇತ್ತು. ಆದರೆ ಒಂಬತ್ತನೇ ಪ್ಯಾರಾದಲ್ಲಿ, ಒಂದೇ ಸಾಲಿನಲ್ಲಿ. ತಲೆಬರಹವನ್ನು 'ಪತ್ರೊಡೆ ಮಾಡುವ ವಿಧಾನ, ತುರಿಕೆ ಆಗದ ಹಾಗೆ' ಎಂದು ಬದಲಿಸಿದೆ. ಹುಣಸೆಹುಳಿ ಯಾಕೆ ಹಾಕಬೇಕು, ಎಷ್ಟು ಹಾಕಬೇಕು, ಎಷ್ಟು ಹೊತ್ತು ಬೇಯಿಸಬೇಕು ಅನ್ನುವುದನ್ನು ಮೇಲೆ ತಂದು ಅದಕ್ಕೊಂದು ಉಪಶೀರ್ಷಿಕೆ ಕೊಟ್ಟೆ. ಅಮ್ಮನ ಕಥೆ ತೆಗೆಯಲಿಲ್ಲ, ಕೆಳಗೆ ಇಟ್ಟೆ. ಎರಡು ತಿಂಗಳಲ್ಲಿ ಆ ಒಂದು ಬರಹಕ್ಕೆ ಬರುವವರು ಉಳಿದೆಲ್ಲ ಬರಹಗಳಿಗಿಂತ ಜಾಸ್ತಿ ಆದರು. ಅಮ್ಮನ ಕಥೆಯನ್ನೂ ಈಗ ಹೆಚ್ಚು ಜನ ಓದುತ್ತಾರೆ.

ಅದಾದ ಮೇಲೆ ನನಗೊಂದು ರೂಢಿ ಬಂತು. ತಿಂಗಳಿಗೊಮ್ಮೆ ಕೂತು, ಎಂಟರಿಂದ ಇಪ್ಪತ್ತನೇ ಜಾಗದ ನಡುವೆ ಇರುವ ಹುಡುಕಾಟಗಳನ್ನು ನೋಡುತ್ತೇನೆ. ಅಂದರೆ ಗೂಗಲ್ ನಮ್ಮ ಪುಟವನ್ನು ಗುರುತಿಸಿದೆ, ಜನಕ್ಕೆ ಮಾತ್ರ ಇನ್ನೂ ಕಣ್ಣಿಗೆ ಬೀಳುತ್ತಿಲ್ಲ. ಆ ಪ್ರಶ್ನೆಗೆ ನನ್ನ ಬರಹದಲ್ಲಿ ಸರಿಯಾದ ಉತ್ತರ ಇದೆಯಾ ಎಂದು ಓದಿ ನೋಡುತ್ತೇನೆ. ಇಲ್ಲದಿದ್ದರೆ ಸೇರಿಸುತ್ತೇನೆ. ಹೊಸದಾಗಿ ಹತ್ತು ಬರೆಯುವುದಕ್ಕಿಂತ ಹಳೆಯ ಎರಡನ್ನು ಹೀಗೆ ತಿದ್ದುವುದರಿಂದ ನನಗೆ ಹೆಚ್ಚು ಉಪಯೋಗ ಆಗಿದೆ.

ಕೀವರ್ಡ್ ಪೆಟ್ಟಿಗೆಯಲ್ಲಿ ಐವತ್ತು ಪದ ತುಂಬಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪುಟದ ಕೋಡ್‌ನಲ್ಲಿ ಅಡಗಿರುವ ಆ ಪದಪಟ್ಟಿಯನ್ನು (ಕೀವರ್ಡ್ ಮೆಟಾ ಟ್ಯಾಗ್) ರ‍್ಯಾಂಕಿಂಗ್‌ಗೆ ನೋಡುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ಹುಬ್ಬಳ್ಳಿಯಿಂದ, ವೆಬ್‌ಸೈಟ್ ಮಾಡಿಕೊಡುವವರು

ಮೇಡಂ ಹೇಳಿದ್ದು ಸರಿ. ಆದರೆ ಅದಕ್ಕೂ ಮೊದಲು, ನಿಮ್ಮ ಪುಟಗಳು ಗೂಗಲ್‌ನ ಪಟ್ಟಿಯಲ್ಲಿ ಇವೆಯಾ ನೋಡಿ. ಸರ್ಚ್ ಕನ್ಸೋಲ್‌ನಲ್ಲೇ ಪೇಜಸ್ ಎಂಬ ವರದಿ ಇದೆ. ಪಟ್ಟಿಯಲ್ಲೇ ಇಲ್ಲದ ಪುಟಕ್ಕೆ ತಲೆಬರಹ ಬದಲಿಸಿ ಏನು ಪ್ರಯೋಜನ?

ನಾನು ಮತ್ತೆ ಮತ್ತೆ ನೋಡುವ ತೊಂದರೆಗಳನ್ನು ಹೇಳುತ್ತೇನೆ. ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್‌ನ ರೀಡಿಂಗ್ ಸೆಟ್ಟಿಂಗ್‌ನಲ್ಲಿ, ಸರ್ಚ್ ಎಂಜಿನ್‌ಗಳು ಬರದಂತೆ ತಡೆಯುವ ಒಂದು ಟಿಕ್ ಇದೆ. ಸೈಟ್ ಕಟ್ಟುವಾಗ ಹಾಕಿ, ಆಮೇಲೆ ತೆಗೆಯಲು ಮರೆಯುತ್ತಾರೆ. ಒಂದು ಸಿಹಿತಿಂಡಿ ಅಂಗಡಿಯ ಸೈಟಿನಲ್ಲಿ ನಾನೇ ಮರೆತಿದ್ದೆ. ಐದು ತಿಂಗಳು ಅವರು ಹುಡುಕಾಟದಲ್ಲಿ ಸಿಗಲೇ ಇಲ್ಲ. ಅವರಿಗೆ ಆದ ನಷ್ಟ ನನ್ನಿಂದ ಆದದ್ದು. ಈಗ ಯಾವ ಸೈಟ್ ಒಪ್ಪಿಸುವಾಗಲೂ ಮೊದಲು ಅದನ್ನೇ ನೋಡುತ್ತೇನೆ. ಬ್ಲಾಗರ್‌ನಲ್ಲೂ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಇಂಥದ್ದೇ ಆಯ್ಕೆ ಇದೆ, ನೋಡಿಕೊಳ್ಳಿ.

ಎರಡನೆಯದು ನಮ್ಮ ಕನ್ನಡದವರದೇ ತೊಂದರೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಕನ್ನಡವೆಂದೇ ಓದುವ ಅಕ್ಷರ ಸಂಕೇತ) ಅಲ್ಲ. ಸೈಟಿನಲ್ಲಿ ಆ ಫಾಂಟ್ ಹಾಕಿದ್ದರೆ ನಮ್ಮ ಕಣ್ಣಿಗೆ ಕನ್ನಡ ಕಾಣುತ್ತದೆ. ಗೂಗಲ್‌ಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಒಂದು ಹಳೆಯ ಪತ್ರಿಕೆಯ ಹತ್ತು ವರ್ಷದ ಲೇಖನಗಳು ಹೀಗೆ ಯಾರಿಗೂ ಸಿಗದೆ ಬಿದ್ದಿದ್ದವು. ಎಷ್ಟು ಒಳ್ಳೊಳ್ಳೆಯ ಬರಹ ಇದ್ದವು ಗೊತ್ತಾ? ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿದೆವು. ಒತ್ತಕ್ಷರ, ಅರ್ಕಾವತ್ತು ಕೈಯಿಂದ ತಿದ್ದಬೇಕಾಯಿತು. ಈಗ ಅವು ಸಿಗುತ್ತಿವೆ.

ಬರಹವನ್ನೇ ಚಿತ್ರವಾಗಿ ಮಾಡಿ ಹಾಕುವುದೂ ಅಂಥದ್ದೇ ತೊಂದರೆ. ವಾಟ್ಸಾಪ್‌ಗೆ ಪೋಸ್ಟರ್ ಸರಿ, ಹುಡುಕಾಟಕ್ಕೆ ಅಕ್ಷರವೇ ಬೇಕು.

ಇನ್ನು ಪುಟದ ವಿಳಾಸ. ವರ್ಡ್‌ಪ್ರೆಸ್‌ನಲ್ಲಿ ವಿಳಾಸದಲ್ಲಿ ತಲೆಬರಹ ಬರುವ ಭಾಗಕ್ಕೆ 200 ಅಕ್ಷರದ ಮಿತಿ. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತ ಚಿಹ್ನೆ ಅಲ್ಲಿ ಒಂಬತ್ತು ಜಾಗ ತಿನ್ನುತ್ತದೆ. ಹಾಗಾಗಿ ಇಪ್ಪತ್ತೆರಡು ಚಿಹ್ನೆಯಾಗುತ್ತಲೇ ತಲೆಬರಹ ಅರ್ಧಕ್ಕೆ ತುಂಡಾಗುತ್ತದೆ. ಬ್ಲಾಗರ್‌ನಲ್ಲಿ ಕನ್ನಡ ತಲೆಬರಹ ಕೊಟ್ಟರೆ ವಿಳಾಸ 'ಬ್ಲಾಗ್ ಪೋಸ್ಟ್' ಮತ್ತು ಒಂದು ನಂಬರ್ ಅಂತ ಆಗುತ್ತದೆ. ಪ್ರಕಟಿಸುವ ಮೊದಲು ಪರ್ಮಾಲಿಂಕ್ (ಪುಟದ ವಿಳಾಸ) ಅನ್ನುವಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ನಾಲ್ಕು ಪದ ಬರೆದುಬಿಡಿ. ಇದರಿಂದ ಮೇಲಕ್ಕೆ ಹಾರುತ್ತೀರಿ ಎಂದಲ್ಲ, ವಿಳಾಸದ ಪದಗಳಿಗೆ ಗೂಗಲ್ ಕೊಡುವ ತೂಕ ಕಡಿಮೆಯೇ. ಆದರೆ ಲಿಂಕ್ ನೋಡಿದವರಿಗೆ ಏನೆಂದು ಗೊತ್ತಾಗುತ್ತದೆ. ಹಳೆಯ ವಿಳಾಸಗಳನ್ನು ಮಾತ್ರ ಸುಮ್ನೆ ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ 301 ರಿಡೈರೆಕ್ಟ್ ಹಾಕಿ, ಅಂದರೆ ಹಳೆಯದನ್ನು ಒತ್ತಿದವರು ತಾನಾಗಿ ಹೊಸದಕ್ಕೆ ಹೋಗುವ ಹಾಗೆ ಮಾಡಿ.

ಫೋಟೋ: ಮೊಬೈಲಿನಲ್ಲಿ ತೆಗೆದದ್ದು ನಾಲ್ಕೈದು ಎಂಬಿ ಇರುತ್ತದೆ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ ಹಾಕಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್‌ನ ಅಳತೆ. ಪುಟದ ವೇಗ ಅಳೆಯುವ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೊಬೈಲ್ ಭಾಗವನ್ನು ನೋಡಿ. ಗೂಗಲ್ ಈಗ ಪುಟಗಳನ್ನು ಮೊಬೈಲಿನಲ್ಲಿ ಕಾಣುವ ರೂಪದಲ್ಲೇ ಓದುತ್ತದೆ.

ಮಂಗಳೂರಿನಿಂದ, ಪ್ರವಾಸದ ಬ್ಲಾಗ್ ಬರೆಯುವವರು

ಗ್ಯಾರಂಟಿ ಅಂದರಲ್ಲ, ಆ ಮಾತಿಗೇ ಹೆದರಬೇಕು. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ ತನ್ನ ಸಲಹೆಯಲ್ಲೇ ಬರೆದಿದೆ.

ನಾನು ಒಂದು ಕಂಪನಿಗೆ 22 ಸಾವಿರ ಕೊಟ್ಟೆ. ಅವರು ಒಂದು ತಿಂಗಳಲ್ಲಿ ಬೇರೆ ಸೈಟುಗಳಿಂದ ನನ್ನ ಬ್ಲಾಗಿಗೆ ಮುನ್ನೂರು ಲಿಂಕ್ ತಂದರು. ಎಲ್ಲಿಂದ? ಯಾವುದೋ ದೇಶದ ಜೂಜಿನ ಸೈಟು, ಔಷಧಿ ಸೈಟುಗಳಿಂದ. ನನ್ನ ಬರಹಗಳಿಗೂ ಅವಕ್ಕೂ ಏನು ಸಂಬಂಧ ಹೇಳಿ. ಕೆಲವು ತಿಂಗಳ ನಂತರ ಸರ್ಚ್ ಕನ್ಸೋಲ್‌ನಲ್ಲಿ ಮ್ಯಾನುಯಲ್ ಆ್ಯಕ್ಷನ್ (ನಿಯಮ ಮುರಿದದ್ದಕ್ಕೆ ಗೂಗಲ್‌ನವರೇ ನೋಡಿ ಹಾಕುವ ದಂಡನೆ) ನೋಟಿಸ್ ಬಂತು, ಅಸಹಜ ಲಿಂಕುಗಳು ಎಂದು. ಬರುವವರು ಪೂರ್ತಿ ನಿಂತರು. ಒಂದೊಂದೇ ಸೈಟಿಗೆ ಮೇಲ್ ಬರೆದು ಲಿಂಕ್ ತೆಗೆಸಿದೆ. ಉಳಿದದ್ದನ್ನು ಡಿಸವೌ (ಇವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೂಗಲ್‌ಗೆ ಹೇಳುವ) ಪಟ್ಟಿಯಲ್ಲಿ ಕೊಟ್ಟು ಮರುಪರಿಶೀಲನೆಗೆ ಅರ್ಜಿ ಹಾಕಿದೆ. ಎರಡು ಸಲ ತಿರಸ್ಕರಿಸಿದರು, ಮೂರನೇ ಸಲ ಒಪ್ಪಿದರು. ನಾಲ್ಕು ತಿಂಗಳು ನಿದ್ದೆ ಇರಲಿಲ್ಲ. ದುಡ್ಡು ಕೊಟ್ಟು ಲಿಂಕ್ ತರುವುದು ಗೂಗಲ್ ನಿಯಮಕ್ಕೆ ವಿರುದ್ಧ ಎಂದು ಆ ಕಂಪನಿಯವರು ಒಮ್ಮೆಯೂ ಹೇಳಿರಲಿಲ್ಲ.

ಒಳ್ಳೆಯ ಲಿಂಕ್ ನನಗೆ ಸಿಕ್ಕಿದ್ದು ಬೇರೆ ದಾರಿಯಲ್ಲಿ. 2021ರ ಜುಲೈನಲ್ಲಿ ಯಶವಂತಪುರ ಮಂಗಳೂರು ಹಗಲು ರೈಲಿಗೆ ವಿಸ್ಟಾಡೋಮ್ (ದೊಡ್ಡ ಗಾಜಿನ ಕಿಟಕಿ, ಗಾಜಿನ ಚಾವಣಿಯ) ಬೋಗಿ ಬಂತಲ್ಲ, ನಾನು ಅದರಲ್ಲಿ ಹೋಗಿ ಬಂದು, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಯಾವ ಕಡೆ ಕೂತರೆ ಕಣಿವೆ ಕಾಣುತ್ತದೆ, ಊಟಕ್ಕೆ ಏನು ಕಟ್ಟಿಕೊಳ್ಳಬೇಕು, ವಯಸ್ಸಾದವರಿಗೆ ಹೇಗೆ ಎಂದೆಲ್ಲ ಬರೆದೆ. ಯಾರನ್ನೂ ಕೇಳಲಿಲ್ಲ. ಬೇರೆ ಪ್ರವಾಸಿ ಬ್ಲಾಗಿನವರು ಅವರಾಗಿಯೇ ಆ ಬರಹಕ್ಕೆ ಲಿಂಕ್ ಕೊಟ್ಟರು. ಇವತ್ತಿಗೂ ನನ್ನ ಬ್ಲಾಗಿಗೆ ಹೆಚ್ಚು ಜನ ಬರುವುದು ಅದೇ ಬಾಗಿಲಿಂದ.

ಕೊಡಗಿನಿಂದ, ಹೋಮ್‌ಸ್ಟೇ ನಡೆಸುವವರು

ಬ್ಲಾಗ್ ಅಲ್ಲ, ಅಂಗಡಿ, ಹೋಮ್‌ಸ್ಟೇ ಇರುವವರಿಗೆ ಒಂದು ಮಾತು. ವೆಬ್‌ಸೈಟಿಗಿಂತ ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ (ಮ್ಯಾಪ್‌ನಲ್ಲಿ, ಹುಡುಕಾಟದಲ್ಲಿ ಕಾಣುವ ನಿಮ್ಮ ವ್ಯವಹಾರದ ವಿವರ) ಸರಿ ಮಾಡಿಕೊಳ್ಳಿ. ಫೋನ್ ನಂಬರ್, ಸಮಯ, ಮ್ಯಾಪ್‌ನಲ್ಲಿ ಗೇಟಿನ ಸರಿಯಾದ ಜಾಗ, ಹೊಸ ಫೋಟೋ. ಬಂದವರು ಬರೆದ ರಿವ್ಯೂಗೆ ಉತ್ತರ ಕೊಡಿ. ನಮಗೆ ಹೆಚ್ಚಿನ ಫೋನ್ ಬರುವುದು ಅಲ್ಲಿಂದಲೇ.

ಸಾಗರದಿಂದ, ಅಡಿಕೆ ಬೆಳೆಗಾರ

ಅಣ್ಣ, ನಿಮ್ಮದೂ ನನ್ನದೂ ಒಂದೇ ವಿಷಯ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ವಿಷಯಕ್ಕೆ ಕಾಲ ಮುಖ್ಯ. ಅಡಿಕೆ ಕಾಯಿಗೆ ಬರುವ ಕೊಳೆ ರೋಗದ ಬಗ್ಗೆ ಜುಲೈನಲ್ಲಿ ಬರೆದರೆ ತಡವಾಯಿತು. ಮೊದಲ ಔಷಧಿ ಹೊಡೆಯುವುದು ಮಳೆ ಹಿಡಿಯುವ ಮೊದಲು ಅಲ್ವಾ. ಜನ ಹುಡುಕುವುದೂ ಆಗಲೇ. ಗೂಗಲ್ ಹೊಸ ಪುಟವನ್ನು ಗುರುತಿಸಿ ಒಂದು ಜಾಗ ಕೊಡಲು ವಾರಗಳೇ ಹಿಡಿಯಬಹುದು. ನಾನು ಏಪ್ರಿಲ್ ಮೊದಲ ವಾರವೇ ಬರಹ ತಯಾರು ಮಾಡುತ್ತೇನೆ. ಪ್ರತಿ ವರ್ಷ ಹೊಸ ಪುಟ ಮಾಡುವುದಿಲ್ಲ. ಅದೇ ಪುಟ, ಅದೇ ವಿಳಾಸ. ಆ ವರ್ಷ ತೋಟದಲ್ಲಿ ಕಂಡದ್ದನ್ನು ಸೇರಿಸುತ್ತೇನೆ, ಹಳೆಯದಾದದ್ದನ್ನು ತೆಗೆಯುತ್ತೇನೆ. ಮೊದಲು ಕೊಳೆ ಬಗ್ಗೆಯೇ ನಾಲ್ಕು ಚಿಕ್ಕ ಬರಹ ಇದ್ದವು. ಒಂದೂ ಮೇಲೆ ಬರುತ್ತಿರಲಿಲ್ಲ. ನಾಲ್ಕನ್ನೂ ಸೇರಿಸಿ ಒಂದು ಮಾಡಿದ ಮೇಲೆ ಬಂತು.

ಹೆಸರಿನ ವಿಷಯ. ನಾವು ಕೊಳೆ ಅನ್ನುತ್ತೇವೆ, ಪುಸ್ತಕದಲ್ಲಿ ಕೊಳೆರೋಗ, ಮಹಾಳಿ ಅನ್ನುವವರೂ ಇದ್ದಾರೆ. ತಲೆಬರಹದಲ್ಲಿ ಒಂದು ಹೆಸರು ಇಡಿ, ಉಳಿದದ್ದು ಮೊದಲ ಪ್ಯಾರಾದಲ್ಲಿ ಮಾತಿನ ನಡುವೆ ಬರಲಿ. ಒಂದೇ ಪದವನ್ನು ಇಪ್ಪತ್ತು ಸಲ ತುರುಕಿದರೆ ಓದುವವರಿಗೆ ಹಿಂಸೆ.

ಮುಖ್ಯವಾದದ್ದು ಇದು. ಕೊಳೆಗೆ ಹೊಡೆಯುವ ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಇದು ಎಲ್ಲ ಕಡೆ ಸಿಗುತ್ತದೆ. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದದ್ದೇ ಜಾಸ್ತಿ. ನಾನು ಮಾಡಿದ್ದು ಬೇರೆ. ಸುಣ್ಣದ ನೀರಿಗೆ ಮೈಲುತುತ್ತದ ನೀರು ಹೊಯ್ಯುವ ಹಂತದಿಂದ ಒಂದೊಂದೂ ಫೋಟೋ ತೆಗೆದೆ. ದ್ರಾವಣದಲ್ಲಿ ಕಬ್ಬಿಣದ ಚೂರಿ ಅದ್ದಿ ನೋಡುತ್ತೇವಲ್ಲ, ಸುಣ್ಣ ಕಡಿಮೆಯಾಗಿ ಚೂರಿ ಕೆಂಪಾದ ಫೋಟೋ ಒಂದು, ಸುಣ್ಣ ಸೇರಿಸಿದ ಮೇಲೆ ಕೆಂಪು ಹತ್ತದ ಫೋಟೋ ಇನ್ನೊಂದು, ಪಕ್ಕಪಕ್ಕ ಹಾಕಿದೆ. ಹಳೆಯ ಸುಣ್ಣ ತಂದು ಕೆಟ್ಟ ವರ್ಷದ ಕಥೆಯನ್ನೂ ಬರೆದೆ. ಇಂಥದ್ದನ್ನು ಕೈಯಿಂದ ಮಾಡಿದವರು ಮಾತ್ರ ಬರೆಯಲು ಸಾಧ್ಯ. ಬರಹದ ಗುಣಮಟ್ಟ ಅಳೆಯುವವರಿಗೆ ಗೂಗಲ್ ಕೊಡುವ ಸೂಚನೆಗಳಲ್ಲಿ 2022ರ ಡಿಸೆಂಬರ್‌ನಲ್ಲಿ 'ಅನುಭವ' ಅನ್ನುವುದನ್ನೂ ಸೇರಿಸಿದ್ದಾರೆ. ನಮ್ಮ ಹತ್ತಿರ ಇರುವುದು ಅದೇ ಅಲ್ವಾ? ಫೋಟೋಗೆ ಆಲ್ಟ್ ಪಠ್ಯ ಬರೆಯಿರಿ, ಅದರಲ್ಲಿ ಏನಿದೆ ಎಂದು ಒಂದು ಸಾಲು, ಕನ್ನಡದಲ್ಲಿ.

ನ್ಯೂಜೆರ್ಸಿಯಿಂದ, ಮಕ್ಕಳಿಗೆ ಕನ್ನಡ ಕಲಿಸುವವರು

ನನ್ನ ಸೈಟಿಗೆ ಬರುವ ಅಪ್ಪ ಅಮ್ಮಂದಿರು ಇಂಗ್ಲಿಷ್‌ನಲ್ಲೋ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲೋ ಹುಡುಕುತ್ತಾರೆ. ಅದಕ್ಕೆ ಪೋಷಕರಿಗೆ ಇಂಗ್ಲಿಷ್ ಪುಟ, ಮಕ್ಕಳ ಅಭ್ಯಾಸಕ್ಕೆ ಕನ್ನಡ ಪುಟ, ಬೇರೆ ಬೇರೆ ವಿಳಾಸದಲ್ಲಿ ಇಟ್ಟೆ. ಒಂದೇ ಪಾಠ ಎರಡೂ ಭಾಷೆಯಲ್ಲಿ ಇದ್ದಲ್ಲಿ ಇವು ಒಂದೇ ಪುಟದ ಎರಡು ಭಾಷೆಯ ರೂಪ ಎಂದು ಗೂಗಲ್‌ಗೆ ಹೇಳುವ ಎಚ್‌ರೆಫ್‌ಲ್ಯಾಂಗ್ ಟ್ಯಾಗ್ ಹಾಕಿ ಜೋಡಿಸಿದೆ. ಒಂದು ತಪ್ಪೂ ಮಾಡಿದ್ದೆ. ಯಂತ್ರದಿಂದ ಅನುವಾದ ಮಾಡಿ, ತಿದ್ದದೆ ಎಂಬತ್ತು ಪುಟ ಹಾಕಿದ್ದೆ. ಆ ಕನ್ನಡವನ್ನು ಮಕ್ಕಳ ಮುಂದೆ ಇಡುವ ಹಾಗೇ ಇರಲಿಲ್ಲ. ಎಲ್ಲ ತೆಗೆದು, ಹದಿನಾಲ್ಕನ್ನು ಮಾತ್ರ ಕೂತು ಹೊಸದಾಗಿ ಬರೆದೆ. ಆ ಹದಿನಾಲ್ಕೇ ಈಗ ಸಿಗುತ್ತವೆ.

ಶಿರಸಿಯ ಅಡಿಕೆ ಬೆಳೆಗಾರ, ಐದು ದಿನದ ನಂತರ

ಎಲ್ಲರಿಗೂ ತುಂಬ ಧನ್ಯವಾದ. ಕಂಪನಿಯವರಿಗೆ ಬೇಡ ಅಂದೆ. ಸರ್ಚ್ ಕನ್ಸೋಲ್ ಹಾಕಿದೆ. 60ರಲ್ಲಿ 37 ಮಾತ್ರ ಗೂಗಲ್ ಪಟ್ಟಿಯಲ್ಲಿವೆ. ಹುಬ್ಬಳ್ಳಿಯವರು ಹೇಳಿದ ಹಾಗೆ ಒಂಬತ್ತು ಬರಹ ಪೂರ್ತಿ ಚಿತ್ರಗಳೇ. ಮಗಳು ಚೆಂದ ಕಾಣಲಿ ಎಂದು ಮಾಡಿಕೊಟ್ಟಿದ್ದಳು. ಈ ಭಾನುವಾರ ಇಬ್ಬರೂ ಕೂತು ಅವನ್ನು ಟೈಪ್ ಮಾಡುತ್ತೇವೆ. ಚಿತ್ರವೂ ಇರಲಿ, ಕೆಳಗೆ ಅಕ್ಷರವೂ ಇರಲಿ. 'ತೋಟದಲ್ಲಿ ಒಂದು ಮುಂಜಾನೆ' ಎಂಬ ತಲೆಬರಹದ ಕೆಳಗೆ ಕಾಳುಮೆಣಸಿನ ಬಳ್ಳಿ ನೆಡುವ ಕ್ರಮ ಇದೆ, ಅದನ್ನು ಇವತ್ತೇ ಬದಲಿಸಿದೆ. ಬದಲಿಸಿದ ಮೇಲೆ ಎಷ್ಟು ದಿನ ಕಾಯಬೇಕು ಮೇಡಂ?

ಮೈಸೂರಿನಿಂದ, ಅಡುಗೆ ಬ್ಲಾಗ್ ಬರೆಯುವವರು

ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಆ ಪುಟದ ವಿಳಾಸ ಹಾಕಿ, ರಿಕ್ವೆಸ್ಟ್ ಇಂಡೆಕ್ಸಿಂಗ್ (ಪಟ್ಟಿಗೆ ಸೇರಿಸಿ ಎಂಬ ಕೋರಿಕೆ) ಒಮ್ಮೆ ಒತ್ತಿ ಬಿಟ್ಟುಬಿಡಿ ಸರ್. ಮತ್ತೆ ಮತ್ತೆ ಒತ್ತಿದರೆ ಬೇಗ ಆಗುವುದಿಲ್ಲ. ದಿನಾ ನೋಡಬೇಡಿ, ಮನಸ್ಸು ಕೆಡುತ್ತದೆ. ಬದಲಿಸಿದ ತಾರೀಖು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ನಾಲ್ಕು ವಾರ ಕಳೆದ ಮೇಲೆ ಪರ್ಫಾರ್ಮೆನ್ಸ್ ವರದಿಯಲ್ಲಿ ಈಚಿನ 28 ದಿನವನ್ನು ಅದರ ಹಿಂದಿನ 28 ದಿನಕ್ಕೆ ಹೋಲಿಸಿ. ಮೊದಲು ಏರುವುದು ಕಾಣಿಸಿದ ಸಂಖ್ಯೆ, ಒತ್ತಿದವರ ಸಂಖ್ಯೆ ಆಮೇಲೆ. ಬಳ್ಳಿ ನೆಡುವ ಬರಹದ ಲಿಂಕ್ ಇಲ್ಲಿ ಹಾಕಿ, ತಲೆಬರಹ ಒಟ್ಟಿಗೆ ನೋಡೋಣ.