ಗೇಟಿನಿಂದ ಪೋರ್ಚಿನವರೆಗೆ ಡಾಂಬರು: ನಮ್ಮ ಮನೆಯವರ ಗುಂಪಿನಲ್ಲಿ

ದೊಡ್ಡಣ್ಣ: ಮೇಲೆ ಹಾಕಿದ ವಿಡಿಯೋ ಎಲ್ಲರೂ ನೋಡಿ. ಅಮೆರಿಕದಲ್ಲಿ ಮನೆ ಮುಂದೆ ಡಾಂಬರು ಎಷ್ಟು ಚಂದ ಹಾಕಿದ್ದಾರೆ. ನಮ್ಮ ಹುಬ್ಬಳ್ಳಿ ಮನೆಗೂ ಹಾಕಿಸೋಣ. ಗುತ್ತಿಗೆದಾರನ ಜೊತೆ ಮಾತಾಡಿದ್ದೇನೆ. ಇದ್ದ ನೆಲ ಸಮ ಮಾಡಿ ಒಂದು ಇಂಚು ಹಾಕಿಕೊಡುತ್ತಾನಂತೆ.

ವೈನಿ: ಆಗಲಿ. ಮಳೆಗಾಲದಲ್ಲಿ ಗೇಟಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿರುತ್ತದೆ. ಒರೆಸಿ ಒರೆಸಿ ಸಾಕಾಗಿದೆ.

ನಾನು: ಡಾಂಬರು ಬೇಡ ಅಂತಿಲ್ಲ ಅಣ್ಣಾ. ಇದ್ದ ನೆಲದ ಮೇಲೆ ಮಾತ್ರ ಬೇಡ. ನಮ್ಮದು ಎರೆ ಮಣ್ಣು ಅಲ್ವಾ? ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಒಂದು ಇಂಚಿನ ಡಾಂಬರು ಅದನ್ನು ಹಿಡಿದು ನಿಲ್ಲಿಸುವುದಿಲ್ಲ.

ಗದಗ ಕಾಕಾ: ಹೌದು. ಈಗ ನನ್ನ ಹೊಲದ ಬಿರುಕಿಗೆ ಕೈ ಹಾಕಿದರೆ ಮೊಣಕೈವರೆಗೆ ಹೋಗುತ್ತದೆ. ಸುಮ್ನೆ ಕಾಂಕ್ರೀಟ್ ಹಾಕಿಸಿಬಿಡಿ.

ದೊಡ್ಡಣ್ಣ: ರಸ್ತೆಗಳೆಲ್ಲ ಇದೇ ಮಣ್ಣಿನ ಮೇಲೆ ಇಲ್ಲವೇನು? ಸುಮ್ನೆ ಹೆದರಿಸಬೇಡ. ಖರ್ಚು ಕೊಡುವವನು ನಾನು.

ನಾನು: ರಸ್ತೆಗೆ ಕೆಳಗೆ ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು), ಖಡಿ (ಜಲ್ಲಿಕಲ್ಲು) ಹಾಕಿ ರೋಲರ್ ಹೊಡೆದಿರುತ್ತಾರೆ ಅಣ್ಣಾ. ನೀನು ಹಾಕಿದ ವಿಡಿಯೋದಲ್ಲೂ ಅರ್ಧ ಹೊತ್ತು ಬರೀ ಅಗೆಯುವುದು, ಖಡಿ ತುಂಬುವುದೇ ಇದೆ. ಮತ್ತೊಮ್ಮೆ ಮೊದಲಿನಿಂದ ನೋಡು.

ಕಾಕಾ, ಕೆಳಗಿನ ಮಣ್ಣು ಅಲುಗಾಡಿದರೆ ಕಾಂಕ್ರೀಟ್ ಕೂಡ ಸೀಳುತ್ತದೆ. ಡಾಂಬರು ಸ್ವಲ್ಪವಾದರೂ ಬಾಗುತ್ತದೆ. ಯಾವುದೇ ಹಾಕಿದರೂ ಬುನಾದಿ ಗಟ್ಟಿ ಇರಬೇಕು.

ನಾನು ಅನುಭವಿಸಿದ್ದನ್ನೇ ಹೇಳುತ್ತಿದ್ದೇನೆ. ಧಾರವಾಡದ ಮನೆಗೆ ಹೀಗೇ ಒಂದು ಇಂಚು ಹಾಕಿಸಿದ್ದೆ. ಹಾಕಿದ ದಿನ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಮುಂದಿನ ಏಪ್ರಿಲ್‌ನಲ್ಲಿ ಸ್ಕೂಟರ್ ನಿಲ್ಲಿಸಿ ಒಳಗೆ ಹೋಗಿ ಚಹಾ ಕುಡಿದು ಬಂದೆ. ಅಷ್ಟರಲ್ಲಿ ಸೈಡ್ ಸ್ಟ್ಯಾಂಡ್ ಡಾಂಬರಿನೊಳಗೆ ಇಳಿದು ಗಾಡಿ ಮಗುಚಿ ಬಿದ್ದಿತ್ತು. ಅಂಚಿಗೆ ಕಲ್ಲು ಕಟ್ಟಿರಲಿಲ್ಲ. ಕಾರಿನ ಚಕ್ರ ಹತ್ತಿ ಇಳಿದು ಅಂಚೆಲ್ಲ ಕಟಕ ರೊಟ್ಟಿಯ ಹಾಗೆ ಮುರಿಯುತ್ತ ಬಂತು. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಖಡಿ ಎದ್ದು ಅಂಗಳದ ತುಂಬ ಬಿದ್ದಿತ್ತು. ಆ ಗುತ್ತಿಗೆದಾರ ಆಮೇಲೆ ಫೋನ್ ಎತ್ತಲಿಲ್ಲ.

ವೈನಿ: ಅಯ್ಯೋ, ಇದನ್ನು ನಮಗೆ ಹೇಳಲೇ ಇಲ್ಲ ನೀವು.

ದೊಡ್ಡಣ್ಣ: ಹಾಗಾದರೆ ಏನು ಮಾಡಬೇಕು? ಅದನ್ನು ಹೇಳು.

ನಾನು: ಒಂದೂವರೆ ಅಡಿ ಎರೆ ಮಣ್ಣು ತೆಗೆಸು. ಗರಸು ತುಂಬಿ, ನೀರು ಹೊಡೆದು, ಪದರ ಪದರವಾಗಿ ರೋಲರ್ ಓಡಿಸಬೇಕು. ಮೇಲೆ ಆರು ಇಂಚು ಖಡಿ. ಆಮೇಲೆ ಎರಡು ಇಂಚು ಡಾಂಬರು, ಎರಡೂ ಅಂಚಿಗೆ ಕಲ್ಲು. ನೀರೇ ಡಾಂಬರಿನ ಶತ್ರು. ಅದಕ್ಕೆ 10 ಅಡಿ ಅಗಲಕ್ಕೆ ಎರಡೂವರೆ ಇಂಚು ಇಳಿಜಾರು ಕೊಡಿಸು, ತೆಂಗಿನಮರದ ಕಡೆಗೆ. ಮನೆಯ ಕಡೆಗೆ ಮಾತ್ರ ಬೇಡ.

ಇನ್ನೊಂದು. ನಮ್ಮದು 60 ಅಡಿ ಉದ್ದ, 10 ಅಡಿ ಅಗಲ. ಎರಡು ಇಂಚಿಗೆ ಆರೂವರೆ ಟನ್ ಹತ್ತಿರ ಮಾಲು ಬೇಕು. ಟಿಪ್ಪರ್‌ಗೆ ಅದು ಸಣ್ಣ ಲೋಡ್. ಮಾಲು ಕಡಿಮೆ ಇದ್ದಷ್ಟೂ ಬೇಗ ಆರುತ್ತದೆ. ಡಾಂಬರು ಕಲಸುವ ಪ್ಲಾಂಟ್‌ನಲ್ಲಿ 150 ಡಿಗ್ರಿ ಆಸುಪಾಸು ಇರುವ ಮಾಲು ಬಿಸಿ ಇರುವಾಗಲೇ ಹರಡಿ ರೋಲರ್ ಹೊಡೆಯಬೇಕು. ಆರಿದ ಮೇಲೆ ಎಷ್ಟು ಹೊಡೆದರೂ ಕೂರುವುದಿಲ್ಲ. ಟಿಪ್ಪರ್ ಬರುವ ಮೊದಲೇ ರೋಲರ್ ಗೇಟಿನಲ್ಲಿ ನಿಂತಿರಬೇಕು ಅಂತ ಬರೆಸಿಕೊ.

ಗದಗ ಕಾಕಾ: ನನ್ನ ಜೀಪಿನಿಂದ ಡೀಸೆಲ್ ಸೋರುತ್ತದೆ. ಅದಕ್ಕೇನಾದರೂ ಆಗುತ್ತದೆಯೇ?

ನಾನು: ಆಗುತ್ತದೆ ಕಾಕಾ, ಡೀಸೆಲ್ ಬಿದ್ದಲ್ಲಿ ಡಾಂಬರು ಕರಗುತ್ತದೆ. ದಯವಿಟ್ಟು ಹೊರಗೆ ನಿಲ್ಲಿಸಿ.

ದೊಡ್ಡಣ್ಣ: ಖರ್ಚು ಜಾಸ್ತಿ ಆಗುತ್ತದಲ್ಲೋ. ಅಡ್ಡಮಳೆ ಬೇರೆ ಶುರುವಾಗುತ್ತದೆ.

ನಾನು: ಈ ಸಲ ಗರಸು, ಖಡಿ ಅಷ್ಟೇ ಹಾಕಿಸು. ಮಳೆಗಾಲ ಪೂರ್ತಿ ಓಡಾಡೋಣ. ತಗ್ಗು ಬಿದ್ದಲ್ಲಿ ತುಂಬಿ, ದೀಪಾವಳಿ ಆದ ಮೇಲೆ ಡಾಂಬರು ಹಾಕಿಸೋಣ. ಅರ್ಧ ಖರ್ಚು ನಾನು ಕೊಡುತ್ತೇನೆ.

ವೈನಿ: ಖಡಿ ಹಾಕಿದರೂ ಕೆಸರು ತಪ್ಪುತ್ತದೆ, ನನಗೆ ಅಷ್ಟು ಸಾಕು. ಅತ್ತೆಯವರನ್ನು ಕೇಳಿದೆ. ತುಳಸಿ ಕಟ್ಟೆ ಸುತ್ತ ಡಾಂಬರು ಬೇಡವಂತೆ. ಬೇಸಿಗೆಯಲ್ಲಿ ಬರಿಗಾಲಲ್ಲಿ ನೀರು ಹಾಕಲು ಹೋದರೆ ಸುಡುತ್ತದೆ ಅಂದರು.

ದೊಡ್ಡಣ್ಣ: ಸರಿ. ಅಲ್ಲಿ ಶಹಾಬಾದ ಫರ್ಸಿ ಕಲ್ಲು ಹಾಕಿಸೋಣ. ತಮ್ಮಾ, ಭಾನುವಾರ ಬೆಳಗ್ಗೆ ಬಾ. ಗುತ್ತಿಗೆದಾರನನ್ನೂ ಕರೆಸುತ್ತೇನೆ, ಇಳಿಜಾರಿನ ಲೆಕ್ಕ ನೀನೇ ಹೇಳು.