ಅಪ್‌ಡೇಟ್: ಪೊನ್ನಪ್ಪನ ಹಳೇ ಕಥೆ ಎಷ್ಟು ಉಳಿಯಿತು

ಕಥೆಯಲ್ಲಿ ಪಾತ್ರದ ಹಿಂದಿನ ಬದುಕನ್ನು ಎಷ್ಟು ಹೇಳಬೇಕು ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಸುದ್ದಿ ಇದು. ನೆನಪಿಲ್ಲದವರಿಗೆ: ನಾನು ಬರೆಯುತ್ತಿರುವ ಕಥೆಯ ಪೊನ್ನಪ್ಪ ಮಡಿಕೇರಿ ಹತ್ತಿರದ ಕಾಫಿ ತೋಟವೊಂದರ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವನು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆ ಕಳೆದುಕೊಂಡವನು. ಮೊದಲ ಪುಟಗಳ ತುಂಬ ಬರೀ ಅದೇ ಇತ್ತು.

ಈಗ ಕಥೆ ಕೊಯ್ಲಿನ ಸಂಜೆ ಶುರುವಾಗುತ್ತದೆ. ಪೊನ್ನಪ್ಪ ಹಣ್ಣಿನ ಚೀಲ ತೂಗಿಸಿ ಪುಸ್ತಕದಲ್ಲಿ ಬರೆಯುತ್ತಿದ್ದಾನೆ. ಅಕಾಲದ ಮಳೆ ಹನಿಯುತ್ತದೆ. ಎಲ್ಲರೂ ಕಣದಲ್ಲಿ ಹರಡಿದ ಕಾಫಿಗೆ ಟಾರ್ಪಾಲು ಹೊದಿಸಲು ಓಡುತ್ತಾರೆ. ಇವನು ಮಾತ್ರ ಪೆನ್ನು ಹಿಡಿದು ಮೇಲಿನ ಗುಡ್ಡವನ್ನೇ ನೋಡುತ್ತಾ ನಿಲ್ಲುತ್ತಾನೆ. "ಅವರ ಮನೆ ಹೋಯ್ತಲ್ಲ ಆ ವರ್ಷ" ಅನ್ನುತ್ತಾಳೆ ಕೆಲಸದ ಹೆಂಗಸೊಬ್ಬಳು. ಓದುವವರಿಗೆ ಅಷ್ಟು ಸಾಕು, ಅಲ್ವಾ? ಕೊಡಗಿನವರಿಗಂತೂ ಯಾವ ವರ್ಷ ಅಂತ ಹೇಳುವುದೂ ಬೇಡ.

ಅವನ ಮದುವೆ, ಅಪ್ಪನ ಮಿಲಿಟರಿ ಪಿಂಚಣಿ ಎಲ್ಲ ತೆಗೆದೆ. ಅವು ನನಗೆ ಗೊತ್ತಿದ್ದರೆ ಸಾಕು. ಅಣ್ಣನ ಜೊತೆಗಿನ ಜಮ್ಮಾ ಜಾಗದ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮೀನು) ಜಗಳ ಮಾತ್ರ ಉಳಿಸಿದ್ದೇನೆ. ಕೊನೆಯಲ್ಲಿ ಅವನು ಪರಿಹಾರದ ಕಾಗದಕ್ಕೆ ಸಹಿ ಹಾಕದಿರುವುದಕ್ಕೆ ಕಾರಣವೇ ಅದು. ಅದೂ ನಡುವೆ ಎಲ್ಲೋ, ನಾಲ್ಕೇ ಸಾಲು.

ಕನಸಿನಲ್ಲಿ ಫ್ಲ್ಯಾಶ್‌ಬ್ಯಾಕ್ ತನ್ನಿ ಅಂದವರೇ, ಬೇಜಾರಾಗಬೇಡಿ. ಅದು ಸುಮ್ನೆ ಸುಲಭದ ದಾರಿ ಅನ್ನಿಸಿತು, ಬಿಟ್ಟೆ.