ಪಿನ್‌ಅಪ್ ಶೈಲಿಯ ಕಾರ್ಟೂನ್ ಭಾವಚಿತ್ರ: ಮುಖದ ಹೋಲಿಕೆ ಉಳಿಸಿಕೊಳ್ಳುವುದು ಹೇಗೆ, ಒಪ್ಪಿಗೆ ಯಾರದು ಬೇಕು?

ಪ್ರಶ್ನೆ (ಅರೆಬಣ್ಣ)

ಪುಸ್ತಕ ಮತ್ತು ಜಾಹೀರಾತುಗಳಿಗೆ ಚಿತ್ರ ಬರೆಯುತ್ತಿದ್ದ ನಾನು ಇತ್ತೀಚೆಗೆ ಪಿನ್‌ಅಪ್ (ಗೋಡೆಗೆ ಅಂಟಿಸಿಕೊಳ್ಳಲೆಂದು ಬರೆಯುತ್ತಿದ್ದ ಆಕರ್ಷಕ ಮಹಿಳೆಯರ ಚಿತ್ರ) ಶೈಲಿಯ ಕಾರ್ಟೂನ್ ಭಾವಚಿತ್ರಗಳನ್ನು ಬರೆದುಕೊಡಲು ಆರಂಭಿಸಿದ್ದೇನೆ. ಗ್ರಾಹಕರು ತಮ್ಮ ಫೋಟೊಗಳನ್ನು ಕಳುಹಿಸುತ್ತಾರೆ. ನಾನು ಅವರನ್ನು 1940 ಮತ್ತು 50ರ ದಶಕಗಳ ಅಮೆರಿಕನ್ ಕ್ಯಾಲೆಂಡರ್ ಚಿತ್ರಗಳ ಭಂಗಿಯಲ್ಲಿ, ಆ ಕಾಲದ ಉಡುಪು ಮತ್ತು ಕೇಶಾಲಂಕಾರದೊಂದಿಗೆ, ಕಾರ್ಟೂನಿಗೆ ಸಹಜವಾದ ಲವಲವಿಕೆ ಬೆರೆಸಿ ಚಿತ್ರಿಸುತ್ತೇನೆ. ಭಂಗಿ, ಬಟ್ಟೆಯ ನೆರಿಗೆ, ಮೈಬಣ್ಣದ ಹೊಳಪು ಇವುಗಳ ಬಗ್ಗೆ ಯಾರಿಂದಲೂ ತಕರಾರು ಬಂದಿಲ್ಲ. ತೊಡಕಿರುವುದು ಮುಖದಲ್ಲಿ. ದೊಡ್ಡ ಕಣ್ಣು, ಪುಟ್ಟ ಮೂಗು, ತುಂಬಿದ ತುಟಿ, ಕಮಾನಿನಂಥ ಹುಬ್ಬು ಎಂಬ ಸಿದ್ಧ ಅಚ್ಚಿಗೆ ಮುಖವನ್ನು ಇಳಿಸಿದ ಕೂಡಲೇ ಚಿತ್ರಕ್ಕೆ ಅಂದ ಬರುತ್ತದೆ, ಆದರೆ ಫೋಟೊ ಕಳುಹಿಸಿದವರು ಅದರಲ್ಲಿ ಕಾಣುವುದಿಲ್ಲ. ಅಚ್ಚನ್ನು ಬಿಟ್ಟು ಮುಖವನ್ನು ಇದ್ದ ಹಾಗೆಯೇ ಬರೆದರೆ ಕಾರ್ಟೂನಿನ ದೇಹದ ಮೇಲೆ ಇನ್ಯಾರದೋ ತಲೆಯನ್ನು ಕೂರಿಸಿದಂತಾಗುತ್ತದೆ. ಈ ಎರಡರ ನಡುವೆ ದಾರಿ ಕಂಡುಕೊಂಡವರು ತಮ್ಮ ಕ್ರಮವನ್ನು ತಿಳಿಸಬೇಕೆಂದು ಕೋರುತ್ತೇನೆ.

ಇನ್ನೊಂದು ವಿಷಯವೂ ಇದೆ. ಕೆಲಸ ಬಿಟ್ಟು ಹೋಗುತ್ತಿರುವ ಸಹೋದ್ಯೋಗಿಯೊಬ್ಬರಿಗೆ ಬೀಳ್ಕೊಡುಗೆಯ ಉಡುಗೊರೆಯಾಗಿ ಇಂಥ ಚಿತ್ರವೊಂದನ್ನು ಬರೆದುಕೊಡಬೇಕೆಂದು ಒಬ್ಬರು ಕೇಳಿದ್ದಾರೆ. ಅನಿರೀಕ್ಷಿತವಾಗಿರಲಿ ಎಂಬ ಕಾರಣಕ್ಕೆ ಆ ಮಹಿಳೆಗೆ ವಿಷಯ ತಿಳಿಸಿಲ್ಲ. ಫೋಟೊಗಳನ್ನು ಅವರ ಸಾಮಾಜಿಕ ಜಾಲತಾಣದ ಖಾತೆಯಿಂದ ತೆಗೆದು ಕಳುಹಿಸಿದ್ದಾರೆ. ಉಡುಪು ಸಭ್ಯವಾಗಿಯೇ ಇರಲಿ ಎಂದೂ ಹೇಳಿದ್ದಾರೆ. ಒಪ್ಪಿಕೊಳ್ಳಬಹುದೇ? ಚಿತ್ರದ ಹಕ್ಕುಗಳ ಬಗ್ಗೆ ಕರಾರಿನಲ್ಲಿ ಏನೇನು ಬರೆಯಬೇಕು?

ಉತ್ತರ 1 (ಹಳೆಕುಂಚ)

ನೀವು ಎದುರಿಸುತ್ತಿರುವ ತೊಡಕು ಈ ಶೈಲಿಯನ್ನು ಕಟ್ಟಿದವರಿಗೆ ಇರಲಿಲ್ಲ ಎಂಬುದನ್ನು ಮೊದಲು ಗಮನಿಸಿ. ಜಾರ್ಜ್ ಪೆಟ್ಟಿ, ಆಲ್ಬರ್ಟೊ ವರ್ಗಾಸ್, ಗಿಲ್ ಎಲ್ವ್‌ಗ್ರೆನ್ ಇವರಿಗೆ ಹಣ ಸಿಗುತ್ತಿದ್ದುದು ಒಂದು ಆದರ್ಶ ರೂಪಕ್ಕೇ ಹೊರತು ಯಾವುದೋ ಒಬ್ಬ ವ್ಯಕ್ತಿಯ ಹೋಲಿಕೆಗಲ್ಲ. ಬ್ರೌನ್ ಆ್ಯಂಡ್ ಬಿಗೆಲೋ ಎಂಬ ಕ್ಯಾಲೆಂಡರ್ ಸಂಸ್ಥೆಗೆ ತೈಲವರ್ಣದಲ್ಲಿ ಚಿತ್ರ ಬರೆದ ಎಲ್ವ್‌ಗ್ರೆನ್ ರೂಪದರ್ಶಿಗಳ ಫೋಟೊಗಳನ್ನು ಮುಂದಿಟ್ಟುಕೊಂಡೇ ಕೆಲಸ ಮಾಡುತ್ತಿದ್ದರು, ಆದರೆ ಅಳತೆಗಳನ್ನು ತಮಗೆ ಬೇಕಾದಂತೆ ಬದಲಿಸಿಕೊಳ್ಳುತ್ತಿದ್ದರು. ಹಾಗೆ ಬದಲಿಸಿದ್ದನ್ನು ಆಕ್ಷೇಪಿಸುವ ಗ್ರಾಹಕರು ಅವರಿಗಿರಲಿಲ್ಲ. ವ್ಯಕ್ತಿಯನ್ನು ಅಳಿಸಿ ಮಾದರಿಯನ್ನು ನಿಲ್ಲಿಸುವ ಶೈಲಿಯೊಂದನ್ನು ಎರವಲು ಪಡೆದು ನೀವು ಅದರಿಂದ ಭಾವಚಿತ್ರ ಬಯಸುತ್ತಿದ್ದೀರಿ. ಆದ್ದರಿಂದ ಮುಖದ ಮಟ್ಟಿಗೆ ನಿಮಗೆ ಬೇಕಾದ ಶಿಸ್ತು ಪಿನ್‌ಅಪ್‌ನದಲ್ಲ, ಕ್ಯಾರಿಕೇಚರ್‌ನದು, ಅಂದರೆ ಒಬ್ಬರ ವಿಶಿಷ್ಟ ಲಕ್ಷಣಗಳನ್ನು ಉತ್ಪ್ರೇಕ್ಷಿಸಿ ಬರೆಯುವ ವ್ಯಂಗ್ಯ ಭಾವಚಿತ್ರದ್ದು.

ಹೋಲಿಕೆ ಇರುವುದು ಬಿಡಿ ಅಂಗಗಳಲ್ಲಿ ಅಲ್ಲ, ಅವುಗಳ ನಡುವಿನ ಅಂತರಗಳಲ್ಲಿ. ಎರಡು ಕಣ್ಣುಗಳ ನಡುವಿನ ಜಾಗ, ಮೂಗಿನ ಬುಡದಿಂದ ಮೇಲ್ದುಟಿಗೆ ಇರುವ ದೂರ, ಹಣೆಯ ಎತ್ತರ, ದವಡೆಯ ಅಗಲ ಇವು ಸರಿಯಾಗಿದ್ದರೆ ಕಣ್ಣುಗಳನ್ನು ತುಸು ಹಿಗ್ಗಿಸಿದರೂ ಗುರುತು ಕೆಡುವುದಿಲ್ಲ. ಪೆನ್ಸಿಲ್ ಹಿಡಿಯುವ ಮೊದಲು ಈ ಮುಖ ಸಾಮಾನ್ಯ ಮುಖಕ್ಕಿಂತ ಎಲ್ಲೆಲ್ಲಿ ಬೇರೆಯಾಗಿದೆ ಎಂಬುದನ್ನು ಎರಡು ಮೂರು ಮಾತುಗಳಲ್ಲಿ ಬರೆದುಕೊಳ್ಳಿ. ಆ ಎರಡು ಮೂರು ಲಕ್ಷಣಗಳನ್ನು ಒಂದಿಷ್ಟು ಮುಂದಕ್ಕೆ ಒಯ್ದು, ಉಳಿದೆಡೆ ಮಾತ್ರ ಪಿನ್‌ಅಪ್‌ನ ನಯವನ್ನು ತನ್ನಿ. ಈ ಶೈಲಿಯಲ್ಲಿ ಮೊದಲು ಬಲಿಯಾಗುವುದು ಮೂಗು. ಉದ್ದ ಮೂಗನ್ನು ಮೊಟಕುಗೊಳಿಸುವ ಬದಲು ಅದರ ಉದ್ದವನ್ನು ಹಾಗೆಯೇ ಉಳಿಸಿ, ಗಡುಸಾದ ಹೊರಗೆರೆಯನ್ನು ಬಿಟ್ಟು ತುದಿಯ ನೆರಳಿನಿಂದ ಮಾತ್ರ ಸೂಚಿಸಿದರೆ ಮೃದುತ್ವವೂ ಬರುತ್ತದೆ, ಮುಖವೂ ಉಳಿಯುತ್ತದೆ. ಕಣ್ಣನ್ನು ದೊಡ್ಡದಾಗಿಸುವಾಗ ಅದರ ಓರೆ, ರೆಪ್ಪೆಯ ಮಡಿಕೆ ಮತ್ತು ಕಣ್ಣಿನ ಅಗಲಕ್ಕೂ ನಡುವಿನ ಅಂತರಕ್ಕೂ ಇರುವ ಪ್ರಮಾಣ ಕದಲದಂತೆ ನೋಡಿಕೊಳ್ಳಬೇಕು.

ಬಾಯನ್ನು ದುಂಡಗೆ ತೆರೆದು ಬೆಚ್ಚಿದಂತೆ ತೋರಿಸುವ ಆ ಪ್ರಸಿದ್ಧ ಮುಖಭಾವವನ್ನು ಭಾವಚಿತ್ರದಲ್ಲಿ ಬಳಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆಪ್ತರು ಒಬ್ಬರನ್ನು ಗುರುತಿಸುವುದು ಅವರ ರೂಢಿಯ ಮುಖಭಾವದಿಂದ, ಅದರಲ್ಲೂ ನಗುವಿನಿಂದ. ನಕ್ಕಾಗ ಕೆನ್ನೆ ಉಬ್ಬಿ ಕೆಳರೆಪ್ಪೆಯನ್ನು ಎಷ್ಟು ಮೇಲೆತ್ತುತ್ತದೆ ಎಂಬಷ್ಟು ಸಣ್ಣ ಸಂಗತಿಯೂ ಲೆಕ್ಕಕ್ಕೆ ಬರುತ್ತದೆ.

ದೇಹದ ಪ್ರಮಾಣವನ್ನೂ ಮರುಪರಿಶೀಲಿಸಿ. ತಲೆಯ ಉದ್ದವನ್ನೇ ಅಳತೆಗೋಲಾಗಿ ಹಿಡಿದಾಗ ವಯಸ್ಕರ ಎತ್ತರ ಸುಮಾರು ಏಳೂವರೆ ತಲೆಗಳಷ್ಟಿದ್ದರೆ, ಪಿನ್‌ಅಪ್‌ನಲ್ಲಿ ಕಾಲುಗಳನ್ನು ನೀಳವಾಗಿಸಿ ಎಂಟು ತಲೆಗಳನ್ನು ಮುಟ್ಟಿಸುವುದುಂಟು. ಎ4 ಹಾಳೆಯಲ್ಲಿ ನಿಂತ ಆಕೃತಿಗೆ 260 ಮಿಲಿಮೀಟರ್ ಎತ್ತರ ಕೊಟ್ಟರೆ ಎಂಟು ತಲೆಗಳ ಲೆಕ್ಕದಲ್ಲಿ ತಲೆಗೆ ದಕ್ಕುವುದು ಮೂವತ್ತೆರಡೂವರೆ ಮಿಲಿಮೀಟರ್ ಮಾತ್ರ. ಐದು ತಲೆಗಳ ಲೆಕ್ಕ ಹಿಡಿದರೆ ಅದು 52 ಮಿಲಿಮೀಟರ್ ಆಗುತ್ತದೆ. ಅಂತರಗಳನ್ನು ನಿಖರವಾಗಿ ನಿಭಾಯಿಸಲು ಅಷ್ಟಾದರೂ ಜಾಗ ಬೇಕು. ತಲೆ ಬೇರೆಯದೆಂಬಂತೆ ಕಾಣುವ ದೋಷವೂ ಇದರಿಂದ ತಗ್ಗುತ್ತದೆ, ಏಕೆಂದರೆ ಆಗ ದೇಹವೂ ಮುಖದಷ್ಟೇ ಕಾರ್ಟೂನಾಗಿರುತ್ತದೆ. ರೇಖೆಯ ದಪ್ಪ ಮತ್ತು ನೆರಳಿನ ಅಂಚುಗಳು ಎರಡರಲ್ಲೂ ಒಂದೇ ಬಗೆಯಲ್ಲಿರಲಿ.

ಬಿಡುವಾದಾಗ ಅದೇ ಕಾಲದ ಅಮೆರಿಕನ್ ಪಿನ್‌ಅಪ್ ಕಲಾವಿದೆ ಝೋಯಿ ಮೋಜರ್ಟ್ ಅವರ ಪಾಸ್ಟೆಲ್ ಚಿತ್ರಗಳನ್ನೂ ನೋಡಿ. ಅವರು ಅನೇಕ ಸಲ ಕನ್ನಡಿಯ ಮುಂದೆ ತಾವೇ ರೂಪದರ್ಶಿಯಾಗಿ ನಿಂತು ಬರೆದವರು. ಅವರ ಸಮಕಾಲೀನರ ಮುಖಗಳಿಗಿಂತ ಇವರು ಬರೆದ ಮುಖಗಳಲ್ಲಿ ವ್ಯಕ್ತಿ ಹೆಚ್ಚು ಕಾಣುತ್ತಾರೆ ಎಂದು ನನಗನಿಸುತ್ತದೆ.

ಉತ್ತರ 2 (ಕರಾರುಪತ್ರ)

ಸಹೋದ್ಯೋಗಿಯ ಚಿತ್ರದ ಬೇಡಿಕೆಯನ್ನು ಈಗಿರುವ ರೂಪದಲ್ಲಿ ಒಪ್ಪಿಕೊಳ್ಳಬೇಡಿ. ಉಡುಪು ಸಭ್ಯವಾಗಿದೆಯೇ ಎಂಬುದು ಇಲ್ಲಿ ಮುಖ್ಯ ಪ್ರಶ್ನೆಯೇ ಅಲ್ಲ. ಪಿನ್‌ಅಪ್ ಎಂಬುದು ದೇಹವನ್ನು ನೋಡುವವರ ಮುಂದೆ ಇಡುವುದಕ್ಕೆಂದೇ ರೂಪುಗೊಂಡ ಪ್ರಕಾರ. ಅದರಲ್ಲಿ ತಾನು ಕಾಣಿಸಿಕೊಳ್ಳಬೇಕೇ, ಕಾಣಿಸಿಕೊಂಡರೆ ಯಾವ ಭಂಗಿಯಲ್ಲಿ ಎಂಬುದನ್ನು ಆ ಮಹಿಳೆಯೇ ನಿರ್ಧರಿಸಬೇಕು. ಕಚೇರಿಯವರೆಲ್ಲರ ಎದುರು ಅಂಥ ಚಿತ್ರವನ್ನು ಬಿಚ್ಚಿ ತೋರಿಸಿದಾಗ ಆಕೆಗೆ ಮುಜುಗರವಾದರೆ ವಿಷಯ ಕಿರುಕುಳದ ದೂರಿನವರೆಗೂ ಹೋಗಬಹುದು. ಇದಲ್ಲದೆ ಜಾಲತಾಣದಿಂದ ತೆಗೆದ ಫೋಟೊಗಳ ಹಕ್ಕು ಅವುಗಳನ್ನು ತೆಗೆದವರಲ್ಲಿ ಇರಬಹುದು. ಉಡುಗೊರೆ ಕೊಡಲೇಬೇಕೆಂದಿದ್ದರೆ ಚಿತ್ರದ ಬದಲು ಒಂದು ಕೂಪನ್ ಕೊಡಲಿ: ಹಣ ಅವರು ಕಟ್ಟಲಿ, ಫೋಟೊ ಮತ್ತು ಭಂಗಿಯನ್ನು ಉಡುಗೊರೆ ಪಡೆದವರೇ ಆರಿಸಿ ನಿಮಗೆ ಕಳುಹಿಸಲಿ. ಹದಿನೆಂಟು ತುಂಬದವರ ಚಿತ್ರವನ್ನು ಈ ಶೈಲಿಯಲ್ಲಿ, ಯಾರೇ ಕೇಳಿದರೂ, ಯಾವ ಉಡುಪಿನಲ್ಲೂ ಬರೆಯುವುದಿಲ್ಲ ಎಂಬ ಸಾಲು ನಿಮ್ಮ ನಿಯಮಗಳಲ್ಲಿ ಇರಲೇಬೇಕು.

ಹಕ್ಕುಗಳ ವಿಷಯದಲ್ಲಿ ಈ ಕ್ಷೇತ್ರದ್ದೇ ಒಂದು ಉದಾಹರಣೆಯಿದೆ. ವರ್ಗಾಸ್ 1940ರಲ್ಲಿ ಎಸ್ಕ್ವೈರ್ ಪತ್ರಿಕೆಯೊಂದಿಗೆ ಒಪ್ಪಂದ ಮಾಡಿಕೊಂಡರು. ಅವರ ಚಿತ್ರಗಳು ಹೆಸರಿನ ಕೊನೆಯ ಅಕ್ಷರವನ್ನು ಬಿಟ್ಟು ‘ವರ್ಗಾ’ ಎಂಬ ಹೆಸರಿನಲ್ಲಿ ಪ್ರಕಟವಾಗಿ ಜನಪ್ರಿಯವಾದವು. ಸಂಬಂಧ ಮುರಿದುಬಿದ್ದ ಮೇಲೆ ಪತ್ರಿಕೆಯು ಅವರದೇ ಚಿತ್ರಗಳನ್ನು ಅವರ ಹೆಸರಿಲ್ಲದೆ ಪ್ರಕಟಿಸಿತು. ಅವರು ನ್ಯಾಯಾಲಯಕ್ಕೆ ಹೋದರೂ 1947ರಲ್ಲಿ ಮೇಲ್ಮನವಿ ನ್ಯಾಯಾಲಯ ಪತ್ರಿಕೆಯ ಪರವಾಗಿ ತೀರ್ಪಿತ್ತಿತು, ಏಕೆಂದರೆ 1944ರಲ್ಲಿ ಸಹಿ ಮಾಡಿದ ಹೊಸ ಒಪ್ಪಂದದಲ್ಲಿ ಅವರು ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಟ್ಟಿದ್ದರು. ಆದ್ದರಿಂದ ಹಕ್ಕುಸ್ವಾಮ್ಯ ನಿಮ್ಮಲ್ಲೇ ಉಳಿಯುತ್ತದೆ, ಗ್ರಾಹಕರಿಗೆ ಖಾಸಗಿ ಬಳಕೆಯ ಅನುಮತಿ ಮಾತ್ರ ಇದೆ, ಉತ್ಪನ್ನಗಳ ಮೇಲೆ ಮುದ್ರಿಸಿ ಮಾರುವುದಾದರೆ ಬೇರೆ ಶುಲ್ಕವಿದೆ ಎಂದು ಸ್ಪಷ್ಟವಾಗಿ ಬರೆಯಿರಿ. ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಬರೆದ ಕರಾರು ಇದ್ದರೆ ವಾದಕ್ಕೆ ಎಡೆ ಕಡಿಮೆ. ನಿಮ್ಮ ಮಾದರಿ ಚಿತ್ರಗಳ ಪುಟದಲ್ಲಿ ಗ್ರಾಹಕರ ಚಿತ್ರವನ್ನು ತೋರಿಸಲು ಅನುಮತಿಯನ್ನು ಪ್ರತ್ಯೇಕವಾಗಿ ಕೇಳಿ. ಉತ್ತರ ಬಾರದಿದ್ದರೆ ಅದನ್ನು ‘ಬೇಡ’ ಎಂದೇ ತಿಳಿಯಿರಿ. ಮುಂಗಡದ ಮೊತ್ತ, ತಿದ್ದುಪಡಿಗಳ ಮಿತಿ, ಭಂಗಿಯ ಬದಲಾವಣೆ ರಫ್ (ಕರಡು ಚಿತ್ರದ) ಹಂತದಲ್ಲಷ್ಟೇ ಸಾಧ್ಯ ಎಂಬ ಷರತ್ತು ಇವೆಲ್ಲ ಬೇರೆ ಚಿತ್ರಕೆಲಸಗಳಂತೆಯೇ.

ಪ್ರಶ್ನೆ ಕೇಳಿದವರಿಂದ (ಅರೆಬಣ್ಣ)

ಇಬ್ಬರಿಗೂ ಧನ್ಯವಾದಗಳು. ಕೂಪನ್ನಿನ ಸಲಹೆಯನ್ನು ಆ ಗ್ರಾಹಕರ ಮುಂದಿಡುತ್ತೇನೆ. ಮುಖದ ಅಂತರಗಳ ಬಗ್ಗೆ ಒಂದು ಸಂಶಯ ಉಳಿದಿದೆ: ನನಗೆ ಬರುವ ಫೋಟೊಗಳಲ್ಲಿ ಹೆಚ್ಚಿನವು ಸೆಲ್ಫಿಗಳು. ಅವುಗಳಿಂದ ಅಳತೆ ತೆಗೆಯುವುದು ಸರಿಯೇ?

ಉತ್ತರ 3 (ಕಿಟಕಿಬೆಳಕು)

ಸೆಲ್ಫಿಯಿಂದ ಅಳತೆ ತೆಗೆಯಬಾರದು. ತೋಳಿನಳತೆಯ ದೂರದಿಂದ ತೆಗೆದ ಫೋಟೊದಲ್ಲಿ ಮೂಗು ಕ್ಯಾಮೆರಾಗೆ ಹತ್ತಿರವಿರುವುದರಿಂದ ದೊಡ್ಡದಾಗಿಯೂ, ಕಿವಿಗಳು ಹಿಂದೆ ಸರಿದಂತೆಯೂ, ಮುಖ ಕಿರಿದಾಗಿಯೂ ಕಾಣುತ್ತವೆ. ಎರಡು ಮೀಟರಿನಷ್ಟು ದೂರದಿಂದ ಇನ್ನೊಬ್ಬರು ಜೂಮ್ ಮಾಡಿ ತೆಗೆದ, ಕಿಟಕಿಯ ಬೆಳಕು ಒಂದು ಬದಿಯಿಂದ ಬೀಳುವ, ಫಿಲ್ಟರ್ ಹಾಕದ ಫೋಟೊಗಳನ್ನು ಕೇಳಿ. ಎದುರಿನದೊಂದು, ಮುಕ್ಕಾಲು ತಿರುಗಿದ ಮುಖದ್ದೊಂದು, ನಗುವಿನದೊಂದು ಇದ್ದರೆ ಸಾಕು. ಮುಂದಿನ ಕ್ಯಾಮೆರಾದ ಚಿತ್ರ ಕೆಲವು ಫೋನುಗಳಲ್ಲಿ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿ ಉಳಿಯುತ್ತದೆ, ಆದ್ದರಿಂದ ಬೈತಲೆ ಮತ್ತು ಮಚ್ಚೆ ಯಾವ ಬದಿಗಿವೆ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಸೊಂಟ ಸಣ್ಣದಾಗಿಸಲೇ, ಮಚ್ಚೆ ಅಳಿಸಲೇ ಎಂದು ನೀವಾಗಿ ಕೇಳಲು ಹೋಗಬೇಡಿ. ‘ಚಿತ್ರದಲ್ಲಿ ಇರಲೇಬೇಕಾದದ್ದು ಯಾವುದು, ಇರಬಾರದ್ದು ಯಾವುದು?’ ಎಂಬ ಒಂದೇ ಪ್ರಶ್ನೆಯನ್ನು ನಮೂನೆಯಲ್ಲಿ ಇಟ್ಟರೆ ಅವರು ತಾವೇ ಹೇಳುತ್ತಾರೆ.

ಮುದ್ರಣಕ್ಕೆ ಕೊಡುವುದಾದರೆ ಎ4 ಹಾಳೆಗೆ ಇಂಚಿಗೆ 300 ಪಿಕ್ಸೆಲ್‌ನಂತೆ 2480 × 3508 ಪಿಕ್ಸೆಲ್ ಇಟ್ಟುಕೊಳ್ಳಿ. ಪರದೆಯ ಮೇಲೆ ಹೊಳೆಯುವ ಗುಲಾಬಿ ಮತ್ತು ಕೆಂಪು ಬಣ್ಣಗಳು ನಾಲ್ಕು ಬಣ್ಣಗಳ ಮುದ್ರಣದಲ್ಲಿ ಮಂಕಾಗುತ್ತವೆ. ಈ ಶೈಲಿಯ ಕೆನ್ನೆ, ತುಟಿಗಳೆಲ್ಲ ಆ ಬಣ್ಣಗಳನ್ನೇ ನೆಚ್ಚಿಕೊಂಡಿರುವುದರಿಂದ ಗ್ರಾಹಕರಿಗೆ ತೋರಿಸುವ ಮೊದಲು ಒಂದು ಪರೀಕ್ಷಾ ಪ್ರತಿ ತೆಗೆದು ನೋಡಿ.